ಹೂವಿಲ್ಲದೆ ಇಳಿದ ಹಿಂಡು

ಟ್ರೀಸನ್‌ಬರ್ಗ್,
೧೬ ಸೆಪ್ಟೆಂಬರ್ ೧೯೬೮

ಪ್ರೀತಿಯ ತಂಗಿ ಅಗಾತಾ,

ಕೆಮ್ಮು ಹೇಗಿದೆ? ಆಸ್ಪತ್ರೆಯವರು ಕೊಡುವ ಹಾಲನ್ನು ಮೂಗು ಮುರಿಯದೆ ಕುಡಿಯುತ್ತಿದ್ದೀಯಾ? ಮುಂದೆ ಓದುವ ಮೊದಲು ಒಂದು ಮಾತು: ನಿನ್ನ ಮಗ ಜೋಡರ್ ನನ್ನ ಮನೆಯ ಅಟ್ಟದಲ್ಲಿ ಮಲಗಿದ್ದಾನೆ. ಎಡಗೈಗೆ ಕಟ್ಟು ಕಟ್ಟಿದ್ದು ಬಿಟ್ಟರೆ ಮೈ ನೆಟ್ಟಗಿದೆ. ಪಕ್ಕದ ಮನೆಯ ಕ್ರೆಸೆಂಜ್ ನನಗಿಂತ ಮೊದಲೇ ನಿನಗೆ ಕಾರ್ಡು ಗೀಚಿರುತ್ತಾಳೆ. ಅದರಲ್ಲಿ ಏನಿದ್ದರೂ ಒಲೆಗೆ ಹಾಕು.

ಈ ಸಲದ ನಿಧಾನ ಪ್ರವಾಸಕ್ಕೆ ಹಾಲೆಂಡಿನವರು ಬಂದಿದ್ದರು. ಮಧ್ಯಾಹ್ನದೊಳಗೆ ನೋಡಿ ಮುಗಿಸಬಹುದಾದ ನಮ್ಮ ದೇಶವನ್ನು ನಾಲ್ಕು ದಿನಕ್ಕೆ ಹಿಗ್ಗಿಸುವುದೇ ನನ್ನ ಕಸುಬು ಎಂದು ನೀನು ನಗುತ್ತೀಯಲ್ಲ, ಹಾಗೇ ಹಿಗ್ಗಿಸಿದೆ. ವಾಡುಜ್‌ನಲ್ಲಿ ಅಂಚೆಚೀಟಿ ನೋಡಲು ಒಂದು ದಿನ, ದ್ರಾಕ್ಷಿ ತೋಟಕ್ಕೆ ಒಂದು ದಿನ, ಆಮೇಲೆ ಕಾಲು ನೋಯದಷ್ಟು ನಡಿಗೆ. ನನ್ನ ಬಂಡವಾಳವೆಲ್ಲ ಕೊನೆಯ ದಿನದ್ದು: ಸ್ಟೇಗ್‌ನ ತಿರುವಿನಲ್ಲಿ ಬೆಂಚು ಹಾಕಿ, ಚೀಸು ಸುರಿದ ಹಿಟ್ಟಿನುಂಡೆ, ಸೇಬಿನ ಗೊಜ್ಜು ಬಡಿಸಿ, ಮೇಲಿನ ಹುಲ್ಲುಗಾವಲಿನಿಂದ ಹೂ ಮುಡಿದು ಇಳಿಯುವ ದನಗಳನ್ನು ತೋರಿಸುವುದು. ನಿನ್ನ ಹಸು ಬ್ಲೂಮಾ ಎಲ್ಲರಿಗಿಂತ ಮುಂದಿರುತ್ತಾಳೆ, ಅವಳ ಫೋಟೊ ತೆಗೆಸಿ ಅಮ್ಮನಿಗೆ ಕಳಿಸಿ ಎಂದು ಬೇಸಿಗೆಯೆಲ್ಲ ಮೇಲೆ ದನ ಕಾಯುತ್ತಿದ್ದ ಜೋಡರ್ ಮೊದಲೇ ಹೇಳಿಕಳಿಸಿದ್ದ. ಪ್ರವಾಸದವರಲ್ಲಿ ಯಾನ್ಸನ್ ಎಂಬ ಹಿರಿಯರು ಅದಕ್ಕೆಂದೇ ಕ್ಯಾಮರಾ ಹಿಡಿದು ಕಾದಿದ್ದರು.

ನಿನ್ನೆ ಬೆಳಗಿನಿಂದಲೇ ಮಂಜು. ಮೊದಲು ಗಂಟೆಯ ಸದ್ದು ಬಂತು, ಆಮೇಲೆ ಕೊಂಬು ಕಂಡವು. ಬರಿ ಕೊಂಬು. ಕ್ರೆಸೆಂಜ್ ನನ್ನ ತೋಳು ಹಿಡಿದು "ಹೂವಿಲ್ಲ ಕಣೋ, ಎಂಗೆಲ್‌ಬರ್ಟ್" ಅಂದಳು. ನಿನಗೆ ಹೇಳಬೇಕಾಗಿಲ್ಲ, ಬೇಸಿಗೆಯಲ್ಲಿ ಮೇಲೆ ಒಂದು ಜೀವ ಹೋದರೂ ಹಿಂಡು ಬರಿತಲೆಯಲ್ಲೇ ಇಳಿಯಬೇಕು. ಆ ಜೀವ ದನದ್ದೋ ಮನುಷ್ಯನದೋ ಎಂದು ಬರಿತಲೆ ಹೇಳುವುದಿಲ್ಲ. ಮುಂದೆ ಇರಬೇಕಾದ ಜೋಡರ್ ಇಲ್ಲ. ಬ್ಲೂಮಾ ಇಲ್ಲ. ಮುದುಕ ಮೆಲ್ಕಿಯೋರ್ ಹಿಂಡು ನಡೆಸುತ್ತಿದ್ದ. ನನ್ನ ಮುಖ ನೋಡದೆ ದಾಟಿಹೋದ.

"ಏನ್ರೀ ಯಜಮಾನ್ರೆ, ನಿಮ್ಮ ಜಾಹೀರಾತಿನ ಚಿತ್ರದಲ್ಲಿ ಹೂವಿತ್ತಲ್ಲ?" ಎಂದು ಬೆಂಚಿನಿಂದ ಒಬ್ಬಾಕೆ ಕೂಗಿದರು. ಮಾತು ಮಾರಿಯೇ ಮನೆ ಕಟ್ಟಿದ ನಾನು ಬೆಂಚುಗಳನ್ನು ಬಿಟ್ಟು ದಾರಿಯ ಅಂಚಿಗೆ ನಡೆದೆ. ಒಂದೊಂದು ಹಸು ದಾಟಿದಾಗಲೂ ಅದರ ಬೆನ್ನ ಹಿಂದೆ ಜೋಡರ್‌ನ ಟೊಪ್ಪಿಗೆ ಹುಡುಕಿದೆ. ಕೊನೆಯ ಕರುವೂ ಹೋಯಿತು, ದಾರಿ ಖಾಲಿ. "ಅಗಾತಾಗೆ ಯಾರು ಹೇಳ್ತಾರೋ ಈಗ" ಎಂದು ಕ್ರೆಸೆಂಜ್ ಶುರುಮಾಡಿದಳು. "ಬಾಯ್ಮುಚ್ಚೇ" ಅಂದೆ.

ಆಗ ಮಂಜಿನೊಳಗೆ ಇನ್ನೊಂದು ಗಂಟೆ ಅಲುಗಿತು, ಹಸುವಿನ ನಡಿಗೆಗೆ ಹೊಂದದ ಹಾಗೆ. ಬ್ಲೂಮಾಳ ದೊಡ್ಡ ಗಂಟೆಯನ್ನು ಹೆಗಲಿಗೆ ಹಾಕಿಕೊಂಡು ಜೋಡರ್ ಬರುತ್ತಿದ್ದ. ಯಾನ್ಸನ್ ಕ್ಯಾಮರಾ ಕೆಳಗಿಳಿಸಿದರು.

ಆಮೇಲೆ ಮೆಲ್ಕಿಯೋರ್ ಹೇಳಿದ: ಬ್ಲೂಮಾಳ ಹಾರಕ್ಕೆ ಹೂ ಸಾಲದೆಂದು ಜೋಡರ್ ಮೊನ್ನೆ ಬಂಡೆಯ ಅಂಚಿಗೆ ಹೋದನಂತೆ. ಉಪ್ಪು ತಿನ್ನಿಸುವ ಕೈಯಲ್ಲವೇ, ಅವಳೂ ಹಿಂದೆಯೇ ಹೋದಳು. ಜಾರಿದಳು. ಹಿಡಿಯಲು ಹೋಗಿ ಇವನ ಕೈ ಉಳುಕಿತು.

ಊಟ ತಣ್ಣಗಾದರೂ ಯಾರೂ ದೂರಲಿಲ್ಲ. ನಿನ್ನ ಎದೆಗೆ ತಾಯಿ ಮರಿಯಮ್ಮ ಉಸಿರು ತುಂಬಲಿ. ಡಾಕ್ಟರು ಹೇಳಿದಷ್ಟು ಮಲಗು, ಹೇಳದಷ್ಟು ಓಡಾಡಬೇಡ.

ನಿನ್ನ ಅಣ್ಣ,
ಎಂಗೆಲ್‌ಬರ್ಟ್

ಅಂಚೆ ಬಸ್ಸು ಹಾರನ್ ಹೊಡೆಯುತ್ತಿದೆ, ಆದರೂ ಇದಿಷ್ಟು: ಮಲಗಿದ್ದಾನೆ ಎಂದೆ, ನಿದ್ದೆ ಮಾಡಿದ್ದಾನೆ ಎನ್ನಲಿಲ್ಲ. ಗಂಟೆಯನ್ನು ಹಾಸಿಗೆಯಲ್ಲೇ ಇಟ್ಟುಕೊಂಡಿದ್ದಾನೆ, ಊಟ ಮುಟ್ಟಿಲ್ಲ. "ಅಮ್ಮನ ಹಸು ನಾನೇ ಕೊಂದೆ" ಅನ್ನುತ್ತಾನೆ. ನಾನು ಸಮಾಧಾನ ಹೇಳಿದರೆ "ಮಾವ, ಅದು ನಿಮ್ಮ ಪ್ರವಾಸದವರಿಗೆ ಹೇಳೋ ಮಾತು" ಎಂದು ಗೋಡೆಯ ಕಡೆ ತಿರುಗುತ್ತಾನೆ. ನನಗೆ ಉತ್ತರ ಬರೆಯಬೇಡ. ಅವನಿಗೆ ಬರಿ, ಇದು ಸಿಕ್ಕ ದಿನವೇ, ನಿನ್ನ ಕೈಯಾರೆ. ಹಸು ಹೋದರೆ ಹೋಗಲಿ, ನೀನು ಇಳಿದು ಬಂದೆಯಲ್ಲ ಅಂತ. ಅಷ್ಟೇ ಸಾಕು.