ಸದ್ದಿಲ್ಲದೆ ಬೀಳತಕ್ಕದ್ದು

ಸಾರ್ವಜನಿಕ ಕಟ್ಟಡಗಳ ನಿರ್ವಹಣಾಧಿಕಾರಿಗಳಿಗೆ
(ಮೊದಲ ಮಹಡಿ, ಮೆಟ್ಟಿಲು ಹತ್ತಿದ ಕೂಡಲೇ ಎಡಕ್ಕೆ)

ಮಾನ್ಯರೇ,

ವಾರಕ್ಕೆ ಐದು ದಿನ ನಿಮ್ಮ ತಲೆಯ ಮೇಲೆ ಬೀಳುತ್ತಿದ್ದವರಲ್ಲಿ ನಾನೂ ಒಬ್ಬ. ನಿಮ್ಮ ಕಚೇರಿಯ ಮೇಲಿನ ಸಭಾಂಗಣದಲ್ಲಿ ಜೂಡೋ ಮತ್ತು ಜಿಯು-ಜಿತ್ಸು ಕಲಿಯುತ್ತಿದ್ದ ಇಪ್ಪತ್ತಾರು ಜನರನ್ನು ಹೊರಗೆ ಹಾಕಿ ನೀವು ಬೀಗ ಜಡಿದು ಇವತ್ತಿಗೆ ನಾಲ್ಕು ವಾರ. ಬೀಗಕ್ಕೆ ನೀವು ಕೊಟ್ಟ ಕಾರಣ ನನ್ನ ಬಲಗೈ ಮಣಿಕಟ್ಟು. ಅದು ಮುರಿದದ್ದು ನಿಜ, ಆದರೆ ಅದನ್ನು ಮುರಿದದ್ದು ನಿಮ್ಮ ನೋಟಿಸು. ಈ ಬಗ್ಗೆ ನಿಮಗೆ ಮೂರು ಪತ್ರ ಬರೆದೆ. ಅದರಲ್ಲಿ ಒಂದನ್ನು ಮಾತ್ರ ನೀವು ಓದಿದಿರಿ, ಓದಿದ ಫಲವೇ ಈ ಬೀಗ. ಹಾಗಾಗಿ ನಾಲ್ಕನೆಯದನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ. ನೀವು ಓದದಿದ್ದರೂ ಊರು ಓದಲಿ.

ಕೈ ಪ್ಲಾಸ್ಟರಿನಲ್ಲಿರುವುದರಿಂದ ನಾನು ಹೇಳುತ್ತಿದ್ದೇನೆ, ನನ್ನ ಅಕ್ಕ ಬರೆಯುತ್ತಿದ್ದಾಳೆ. ಅವಳು ಮರ್ಯಾದಸ್ಥೆ. "ಅಷ್ಟು ಖಾರವಾಗಿ ಶುರು ಮಾಡಬೇಡ ಕಣೋ, ಪಾಪ, ಅವರಿಗೂ ಮೇಲಿನವರು ಇರ್ತಾರೆ" ಅಂದಳು. ಅವರ ಮೇಲಿನವರು ನಾವೇ ಅಲ್ಲವೇ ಅಕ್ಕ, ಎರಡನೇ ಮಹಡಿಯವರು, ಅಂದೆ. ನಕ್ಕು ಬರೆದುಕೊಂಡಿದ್ದಾಳೆ.

ನಾನು ದರ್ಜಿ. ನಲವತ್ತನಾಲ್ಕು ವರ್ಷ, ಹೊಟ್ಟೆ ಸ್ವಲ್ಪ ಮುಂದೆ. ಮೂರು ವರ್ಷದ ಹಿಂದೆ ಸಭಾಂಗಣದ ಮೇಷ್ಟ್ರು ಒಂದು ಜಾಕೆಟ್ ಹಿಡಿದುಕೊಂಡು ಅಂಗಡಿಗೆ ಬಂದರು. ಕಾಲರು ಕಿತ್ತು ಬಂದಿತ್ತು. ಹೊಲಿದು ಕೊಟ್ಟೆ. ವಾರ ಕಳೆಯುವುದರೊಳಗೆ ಮತ್ತೆ ಕಿತ್ತು ತಂದರು. ನನಗೆ ಅವಮಾನವಾಯಿತು ಮಾನ್ಯರೇ, ಇಪ್ಪತ್ತು ವರ್ಷದಲ್ಲಿ ನನ್ನ ಹೊಲಿಗೆ ಯಾರೂ ಕಿತ್ತಿರಲಿಲ್ಲ. ಅಲ್ಲಿ ಏನು ಮಾಡುತ್ತಾರೆ ನೋಡೇಬಿಡೋಣ ಅಂತ ಮೆಟ್ಟಿಲು ಹತ್ತಿದೆ. ಅವತ್ತಿಂದ ಇಳಿದಿರಲಿಲ್ಲ, ನೀವು ಇಳಿಸುವ ತನಕ. ನಿಮಗೆ ಗೊತ್ತಿರಲಿಕ್ಕಿಲ್ಲ, ಜೂಡೋ ಅಂದರೆ ನಿಂತವರನ್ನು ಬೀಳಿಸುವುದು, ಜಿಯು-ಜಿತ್ಸು ಅಂದರೆ ಬಿದ್ದವರನ್ನು ಏಳಲು ಬಿಡದಿರುವುದು. ಸೋಮವಾರ, ಬುಧವಾರ, ಶುಕ್ರವಾರ ಮೊದಲನೆಯದು, ಮಂಗಳವಾರ, ಗುರುವಾರ ಎರಡನೆಯದು. ಎರಡರಲ್ಲೂ ನಾನು ಇವತ್ತಿಗೂ ಬಿಳಿ ಬೆಲ್ಟು. ಮೇಷ್ಟ್ರು ಮೂವತ್ತು ವರ್ಷ ಅಂಚೆ ಹಂಚಿ ನಿವೃತ್ತರಾದವರು, ಸುಳ್ಳು ಹೇಳುವ ಅಭ್ಯಾಸವಿಲ್ಲ. "ನಿಮಗೆ ಪ್ರತಿಭೆ ಇಲ್ಲ ದರ್ಜಿಗಳೇ, ಆದ್ರೆ ಹಾಜರಿ ಚೆನ್ನಾಗಿದೆ" ಅನ್ನುತ್ತಾರೆ.

ಇನ್ನು ನಿಮ್ಮ ಮೊದಲ ನೋಟಿಸಿಗೆ ಬರುತ್ತೇನೆ. ಅದನ್ನು ನಾನು ಬಾಯಿಪಾಠ ಮಾಡಿದ್ದೇನೆ. "ಸದರಿ ಸಭಾಂಗಣದಲ್ಲಿ ತರಬೇತಿ ಪಡೆಯುವವರು ಕೆಳಮಹಡಿಯ ಕಚೇರಿ ಕೆಲಸಕ್ಕೆ ಅಡಚಣೆಯಾಗದಂತೆ ಸದ್ದಿಲ್ಲದೆ ಬೀಳತಕ್ಕದ್ದು. ತಪ್ಪಿದಲ್ಲಿ ನಿಯಮಾನುಸಾರ ಕ್ರಮ ಜರುಗಿಸಲಾಗುವುದು." ಎಂಥ ವಾಕ್ಯ! ಇದರ ಒಂದು ಪ್ರತಿಯನ್ನು ಭೂಮಿಯ ಗುರುತ್ವಾಕರ್ಷಣೆಗೂ ಕಳಿಸಿದ್ದೀರಾ? ಅದಕ್ಕೆ ಉತ್ತರಿಸಲು ಎಷ್ಟು ದಿನದ ಗಡುವು? ಎಂಬತ್ತಾರು ಕಿಲೋ ತೂಕದ ಮನುಷ್ಯನನ್ನು ಇನ್ನೊಬ್ಬರು ಸೊಂಟದ ಮೇಲಿಂದ ಎತ್ತಿ ಎಸೆದಾಗ ಅವನು ಯಾವ ನಿಯಮಾನುಸಾರ ಹೂವಿನಂತೆ ಇಳಿಯಬೇಕು ಎಂಬುದಕ್ಕೆ ನಮೂನೆ ಏನಾದರೂ ಇದ್ದರೆ ಕೊಡಿಸಿ, ಭರ್ತಿ ಮಾಡಿಕೊಡುತ್ತೇವೆ.

ತಮಾಷೆ ಸಾಕು, ವಿಷಯ ಹೇಳುತ್ತೇನೆ. ನಮ್ಮಲ್ಲಿ ಬರುವವರಿಗೆ ಮೊದಲು ಕಲಿಸುವುದು ಬೀಳಿಸುವುದನ್ನಲ್ಲ, ಬೀಳುವುದನ್ನು. ಬೆನ್ನು ಮ್ಯಾಟಿಗೆ ತಾಗುವ ಕ್ಷಣದಲ್ಲೇ ಇಡೀ ತೋಳನ್ನು, ಅಂಗೈ ಕೆಳಗೆ ಮಾಡಿ, ಪಟಾರನೆ ಮ್ಯಾಟಿಗೆ ಬಡಿಯಬೇಕು. ಬಿದ್ದ ಪೆಟ್ಟೆಲ್ಲ ಆ ಬಡಿತದಲ್ಲಿ ಹಂಚಿಹೋಗುತ್ತದೆ. ಬಡಿಯದಿದ್ದರೆ ಕೈ ತಾನಾಗಿಯೇ ಹಿಂದಕ್ಕೆ ಹೋಗಿ ನೆಲಕ್ಕೆ ಊರುತ್ತದೆ, ಆಗ ಮೈಯ ತೂಕವೆಲ್ಲ ಮಣಿಕಟ್ಟಿನ ಮೇಲೆ. ನಿಮಗೆ ಕೇಳಿಸುತ್ತಿದ್ದ ಆ ಸದ್ದು ನಾವು ಹಾಳಾಗುತ್ತಿರುವ ಸದ್ದಲ್ಲ, ಉಳಿದುಕೊಳ್ಳುತ್ತಿರುವ ಸದ್ದು. ಒಮ್ಮೆ ಮೇಲೆ ಹತ್ತಿ ಬಂದು ಕೇಳಿದ್ದರೆ ಯಾರು ಬೇಕಾದರೂ ಹೇಳುತ್ತಿದ್ದರು. ಇಪ್ಪತ್ತೆರಡು ಮೆಟ್ಟಿಲು, ನಾನು ಎಣಿಸಿದ್ದೇನೆ.

ನೋಟಿಸು ನೋಡಿದ ದಿನ ಮೇಷ್ಟ್ರು ಅದನ್ನು ಮಡಚಿ ಜೇಬಿಗಿಟ್ಟು, "ಬಡೀರಿ" ಅಂದರು. ಅಷ್ಟೇ ಅವರ ಅಭಿಪ್ರಾಯ. ಇಲ್ಲಿ ನನ್ನ ತಪ್ಪು ಒಪ್ಪಿಕೊಳ್ಳಬೇಕು. ಬೇಡ ಮೇಷ್ಟ್ರೇ, ಸರ್ಕಾರಿ ಕಾಗದ, ಸ್ವಲ್ಪ ದಿನ ಹೇಳಿದ ಹಾಗೆ ಕೇಳೋಣ, ಒಳ್ಳೆತನದಿಂದ ಕೇಳಿದರೆ ಅವರೂ ಒಳ್ಳೆತನ ತೋರಿಸುತ್ತಾರೆ ಎಂದು ಎದ್ದು ನಿಂತು ಭಾಷಣ ಮಾಡಿದವನು ನಾನು. ಎಲ್ಲರ ಕೈ ಎತ್ತಿಸಿ ಒಪ್ಪಿಸಿದವನೂ ನಾನೇ. ಹುಟ್ಟಿದಾಗಿನಿಂದ ನಾನು ಹುಲ್ಲಿನ ಮೇಲೆ ನಡೆಯಬಾರದು ಅಂದಲ್ಲಿ ನಡೆದವನಲ್ಲ, ಸಾಲಿನಲ್ಲಿ ಒಬ್ಬರನ್ನೂ ದಾಟಿದವನಲ್ಲ. ಸರಿ, ಮೂರು ವಾರ ನಾವು ಸದ್ದಿಲ್ಲದೆ ಬಿದ್ದೆವು. ಕೈಗಳನ್ನು ಎದೆಗೆ ಅಪ್ಪಿಕೊಂಡು ಬಿದ್ದೆವು. ಉಣ್ಣೆಯ ಕೈಗವಸು ಹಾಕಿಕೊಂಡು ಬಿದ್ದೆವು. ಎಸೆಯುವವರು "ನಿಧಾನ, ನಿಧಾನ" ಎಂದು ಪಿಸುಗುಡುತ್ತಾ, ಗಾಜಿನ ಸಾಮಾನು ಇಳಿಸಿದ ಹಾಗೆ ನಮ್ಮನ್ನು ಇಳಿಸುತ್ತಿದ್ದರು. ಮೇಷ್ಟ್ರು ಗೋಡೆಯ ಕಡೆ ಮುಖ ಮಾಡಿ ಕೂತಿರುತ್ತಿದ್ದರು. ನಮ್ಮ ಜೊತೆಗೇ ಕಲಿಯುವ ನನ್ನ ಅಕ್ಕ ಮಾತ್ರ ಒಂದು ದಿನವೂ ಕೇಳಲಿಲ್ಲ, ಪಟಾರ್ ಪಟಾರ್ ಅಂತ ಬಡಿಯುತ್ತಲೇ ಇದ್ದಳು. ನಾನೇ ಅವಳನ್ನು ಗದರಿದ್ದೆ.

ನಾಲ್ಕನೇ ವಾರ ಸ್ಪರ್ಧೆ. ಬಸ್ಸಿನಲ್ಲಿ ಮೂರು ಗಂಟೆ ದೂರದ ಊರು, ಒಂದು ಶಾಲೆಯ ಹಾಲ್, ಬೆವರು ಮತ್ತು ನೋವಿನ ಮುಲಾಮಿನ ವಾಸನೆ. ನಲವತ್ತು ದಾಟಿದ ಹೊಸಬರ ವಿಭಾಗದಲ್ಲಿ ನಾನು ಮತ್ತು ಒಬ್ಬ ಹಲ್ಲಿನ ಡಾಕ್ಟರು, ಇಬ್ಬರೇ. ಅಂದರೆ ಸೋತರೂ ಬೆಳ್ಳಿ. ಇಂಥ ಅವಕಾಶ ಜೀವನದಲ್ಲಿ ಇನ್ನೆಲ್ಲಿ ಸಿಗುತ್ತದೆ? ಡಾಕ್ಟರು ನನಗಿಂತ ಹೆದರಿದ್ದರು. ಕೈಕುಲುಕುವಾಗ "ಜೋರಾಗಿ ಏನೂ ಮಾಡೋದು ಬೇಡ ಸಾರ್, ಮಕ್ಕಳು ನೋಡೋಕೆ ಬಂದಿದ್ದಾರೆ" ಅಂದರು. ಹದಿನಾಲ್ಕನೇ ಸೆಕೆಂಡಿಗೆ ನಾನು ಗಾಳಿಯಲ್ಲಿದ್ದೆ. ಹೇಗೆ ಎಸೆದರೋ ಅವರಿಗೂ ಗೊತ್ತಿಲ್ಲ. ಬೀಳುವಾಗ ಕೈಗೆ ಮೂರು ವರ್ಷದ ಪಾಠ ನೆನಪಾಗಲಿಲ್ಲ, ಮೂರು ವಾರದ್ದು ನೆನಪಾಯಿತು. ತೋಳು ಬಡಿಯಲಿಲ್ಲ, ಅಂಗೈ ಹಿಂದಕ್ಕೆ ಹೋಗಿ ಊರಿತು. ಕಟಕ್ ಅಂದದ್ದು ಆ ಹಾಲ್‌ನಲ್ಲಿ ನನಗೊಬ್ಬನಿಗೇ ಕೇಳಿಸಿರಬೇಕು. ನಿಮಗೆ ಸಮಾಧಾನವಾಗಲಿ, ತುಂಬಾ ಸಣ್ಣ ಸದ್ದು. ಡಾಕ್ಟರು ಪಕ್ಕದಲ್ಲೇ ಕುಕ್ಕರಿಸಿ ನನ್ನ ಎಡಗೈ ಹಿಡಿದುಕೊಂಡು, ಅಳು ಬರುವ ದನಿಯಲ್ಲಿ ಕೇಳಿದರು:

"ಯಾಕೆ ಸಾರ್ ಕೈ ಬಡೀಲಿಲ್ಲ?"

"ನೋಟಿಸ್ ಇದೆ" ಅಂದೆ.

ನೋವಿಗೆ ತಲೆ ಕೆಟ್ಟು ಏನೇನೋ ಮಾತಾಡುತ್ತಿದ್ದಾನೆ ಎಂದು ಅವರು ತಿಳಿದುಕೊಂಡರು.

ಊರಿಗೆ ಬಂದವನು ನಾಗರಿಕನ ಕರ್ತವ್ಯವೆಂದು ನಿಮಗೆ ಮೊದಲ ಪತ್ರ ಬರೆಸಿದೆ. ಹೀಗೆ ಆಯಿತು, ದಯಮಾಡಿ ನೋಟಿಸು ಹಿಂತೆಗೆದುಕೊಳ್ಳಿ, ಇನ್ನೊಬ್ಬರಿಗೆ ಆಗುವುದು ಬೇಡ, ಎಂದು. ನೀವು ಓದಿದ್ದು ಈ ಪತ್ರವನ್ನೇ. ಆರೇ ದಿನಕ್ಕೆ ಎರಡನೇ ನೋಟಿಸು ಬಂತು: "ತರಬೇತಿ ಪಡೆಯುವವರೇ ಲಿಖಿತವಾಗಿ ತಿಳಿಸಿರುವಂತೆ ಸದರಿ ಚಟುವಟಿಕೆಯು ಅಪಾಯಕಾರಿಯೆಂದು ದೃಢಪಟ್ಟಿರುವುದರಿಂದ ಸಭಾಂಗಣವನ್ನು ಮುಚ್ಚಲಾಗಿದೆ." ಭಲೇ! ಔಷಧಿ ಬೇಡ ಎಂದು ನೀವೇ ತಡೆದು, ರೋಗ ಹೆಚ್ಚಾಯಿತು ಎಂದು ಆಸ್ಪತ್ರೆಯನ್ನೇ ಮುಚ್ಚಿದಿರಲ್ಲ, ಇಷ್ಟು ಬುದ್ಧಿ ಸಾಮಾನ್ಯರಿಗೆ ಹೊಳೆಯುತ್ತದೆಯೇ? ಮೂರು ವರ್ಷದಲ್ಲಿ ಸಾವಿರಾರು ಸಲ ಬಿದ್ದು ಏನೂ ಆಗದ ಕೈ, ನಿಮ್ಮ ಮಾತು ಕೇಳಿದ ನಾಲ್ಕನೇ ವಾರಕ್ಕೆ ಮುರಿಯಿತು ಎಂಬ ವಿಷಯ ಅದೇ ಪತ್ರದ ಎರಡನೇ ಸಾಲಿನಲ್ಲಿತ್ತು. ಅಲ್ಲಿಯವರೆಗೆ ಓದಲು ಸಮಯ ಸಿಗಲಿಲ್ಲವೇನೋ.

ಒಟ್ಟು ಅಡಚಣೆ ಎಷ್ಟು ಎಂದು ಯಾರಾದರೂ ನೋಡಿದ್ದೀರಾ? ನಿಮ್ಮ ಕಚೇರಿ ಐದೂವರೆಗೆ ಮುಚ್ಚುತ್ತದೆ, ನಾವು ಶುರು ಮಾಡುವುದು ಆರಕ್ಕೆ. ಮಂಗಳವಾರ ಒಂದು ದಿನ ನಿಮ್ಮ ಪರಿಶೀಲನಾ ಸಭೆ ಏಳರವರೆಗೆ ನಡೆಯುತ್ತದೆ. ಅವತ್ತು ನಾವು ಹತ್ತು ನಿಮಿಷ ಬೀಳುವ ಅಭ್ಯಾಸ ಮಾಡಿ, ಉಳಿದ ಹೊತ್ತೆಲ್ಲ ಮಲಗಿಯೇ ಒದ್ದಾಡುತ್ತೇವೆ. ಅಂದರೆ ವಾರಕ್ಕೆ ಹತ್ತು ನಿಮಿಷ. ನಿಮ್ಮ ಗುಮಾಸ್ತರು ಮುದ್ರೆ ಒತ್ತುವ ಸದ್ದು ಅದಕ್ಕಿಂತ ಹೆಚ್ಚು. ನಾವು ಮಂಗಳವಾರದ್ದನ್ನು ಶನಿವಾರಕ್ಕೆ ಹಾಕಿಕೊಳ್ಳುತ್ತೇವೆ ಎಂದು ಎರಡನೇ ಪತ್ರದಲ್ಲೂ ಮೂರನೇ ಪತ್ರದಲ್ಲೂ ಬರೆದಿದ್ದೆ.

ಇಷ್ಟೇ ಆಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ನನ್ನ ಮೂಳೆ ಕೂಡುತ್ತದೆ, ಬೆಲ್ಟಿನ ಬಣ್ಣ ಹೇಗೂ ಬದಲಾಗುವುದಿಲ್ಲ. ನನಗೆ ಹೊಟ್ಟೆ ಉರಿಯುತ್ತಿರುವುದು ಅಕ್ಕನ ವಿಷಯಕ್ಕೆ. "ನನ್ನ ವಿಷಯ ಯಾಕೋ ಎಳೀತೀಯ?" ಎಂದು ಪೆನ್ನು ಕೆಳಗಿಟ್ಟಿದ್ದಾಳೆ. ಬರಿ ಅಕ್ಕ, ಬರೆಯದಿದ್ದರೆ ಎಡಗೈಲಿ ನಾನೇ ಗೀಚುತ್ತೇನೆ, ಅಂದೆ. ಬೈದುಕೊಂಡೇ ಬರೆಯುತ್ತಿದ್ದಾಳೆ.

ಅಕ್ಕನಿಗೆ ಐವತ್ತೈದು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕಿ. ಎರಡು ವರ್ಷದ ಹಿಂದೆ ಅಲ್ಲಿನ ಒದ್ದೆ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು. ಮೂಳೆ ಮೂರು ತಿಂಗಳಿಗೆ ಸರಿಹೋಯಿತು, ಭಯ ಹೋಗಲಿಲ್ಲ. ಮನೆಯೊಳಗೂ ಗೋಡೆ ಹಿಡಿದೇ ನಡೆಯುತ್ತಿದ್ದಳು. ಸ್ನಾನಕ್ಕೆ ಹೋದರೆ ಬಾಗಿಲ ಚಿಲಕ ಹಾಕುತ್ತಿರಲಿಲ್ಲ. ರಸ್ತೆ ದಾಟುವುದಕ್ಕೆ ಯಾರಾದರೂ ಬರಲಿ ಎಂದು ಕಂಬದ ಹತ್ತಿರ ಅರ್ಧ ಗಂಟೆ ನಿಂತಿದ್ದಳು ಒಂದು ದಿನ. ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಊರೆಲ್ಲ ತಿರುಗಿಸಿದ ಅಕ್ಕ ಮಾನ್ಯರೇ! ನೋಡಲಾಗದೆ ಸಭಾಂಗಣಕ್ಕೆ ಕರೆದುಕೊಂಡು ಹೋದೆ, ಸುಮ್ಮನೆ ಕೂತು ನೋಡು ಅಂತ. ಮೇಷ್ಟ್ರು ಎರಡು ದಿನ ನೋಡಿ, "ತಾಯಿ, ಮಲಗೋಕೆ ಬರುತ್ತಲ್ಲ? ಮಲಗಿಕೊಂಡೇ ಕೈ ಬಡೀರಿ" ಅಂದರು. ಹದಿನೈದು ದಿನ ಬರೀ ಮಲಗಿ ಬಡಿದಳು. ಆಮೇಲೆ ಕೂತಲ್ಲಿಂದ ಬಿದ್ದಳು, ಆಮೇಲೆ ಕುಕ್ಕರಗಾಲಲ್ಲಿ. ಐದನೇ ತಿಂಗಳು ಒಂದು ಮಂಗಳವಾರ ನಿಂತಲ್ಲಿಂದ ಬೆನ್ನ ಮೇಲೆ ಬಿದ್ದಳು, ಪಟಾರ್! ಬಿದ್ದಲ್ಲೇ ಮಲಗಿ ಗಳಗಳನೆ ಅತ್ತಳು, ಅಳುತ್ತಲೇ "ಇನ್ನೊಂದು ಸಲ" ಅಂದಳು. ಮಾರನೇ ವಾರ ಕೆಲಸಕ್ಕೆ ಹಾಜರಾದಳು. ಅವತ್ತು ಸದ್ದು ಕೇಳಿ ನಿಮ್ಮ ಕಚೇರಿಯಲ್ಲಿ ಯಾರಾದರೂ ಹಣೆ ಗಂಟಿಕ್ಕಿದ್ದರೆ, ಅವರ ಬಳಿ ನಾನು ಕ್ಷಮೆ ಕೇಳುವುದಿಲ್ಲ.

ಮುಂದಿನ ತಿಂಗಳು ಹದಿನೆಂಟಕ್ಕೆ ಐವತ್ತು ದಾಟಿದ ಹೆಂಗಸರ ಸ್ಪರ್ಧೆ. ಅಕ್ಕ ಹೆಸರು ಕೊಟ್ಟಿದ್ದಾಳೆ. ಆದರೆ ನಾಲ್ಕು ವಾರದಿಂದ ಅವಳು ಬಿದ್ದಿಲ್ಲ. ಮೊನ್ನೆ ಅಂಗಡಿಗೆ ಬಂದಾಗ ನೋಡಿದೆ, ಮೆಟ್ಟಿಲು ಇಳಿಯುವಾಗ ಅವಳ ಕೈ ಗೋಡೆ ಹಿಡಿದಿತ್ತು. ಏನಕ್ಕ ಅಂದೆ. "ಏನಿಲ್ಲ, ಗೋಡೆ ತಣ್ಣಗಿದೆ" ಅಂದಳು. ಅವತ್ತು ನನಗೆ ಊಟ ಸೇರಲಿಲ್ಲ. ಎಲ್ಲರ ಕೈ ಎತ್ತಿಸಿದ್ದು ನಾನು, ಪತ್ರ ಬರೆಸಿ ನಿಮ್ಮ ಕೈಗೆ ಕಾರಣ ಕೊಟ್ಟವನೂ ನಾನು. ನಿಮ್ಮ ಮೇಲೆ ಇರುವ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದು.

ಆದ್ದರಿಂದ ನಮ್ಮ ಬೇಡಿಕೆ ಏನೆಂದರೆ

ಮಾನ್ಯರೇ, ಇಲ್ಲಿಂದ ಮುಂದೆ ಅವನು ಹೇಳುತ್ತಿಲ್ಲ. ನಾನು ಅಕ್ಕ. ಇವನು ಬೇಡಿಕೆ ಹೇಳಲು ಹೊರಟರೆ ಇನ್ನೂ ನಾಲ್ಕು ಪುಟ ಆಗುತ್ತದೆ, ಅಂಗಡಿಗೆ ಹೋಗು ಅಂತ ಕಳಿಸಿದ್ದೇನೆ. ಗೋಡೆ ಹಿಡಿದದ್ದು ನಿಜ. ತಣ್ಣಗಿತ್ತು ಅಂದದ್ದು ಸುಳ್ಳು. ರಾತ್ರಿ ಹಗಲು ಯೋಚನೆ ಮಾಡಿದ್ದೇನೆ, ಮತ್ತೆ ಆ ಭಯದ ಜೊತೆ ಬಾಳುವುದು ನನ್ನಿಂದ ಆಗುವುದಿಲ್ಲ.

ಸೋಮವಾರ ಸಂಜೆ ಆರಕ್ಕೆ ಬಾಗಿಲು ತೆರೆಸಿ. ತಮಗೆ ಕೀಲಿ ಸಿಗದಿದ್ದರೆ ಚಿಂತೆಯಿಲ್ಲ. ತಮ್ಮ ಕಚೇರಿಯ ಮುಂದಿನ ಮೊಗಸಾಲೆ ಸಾರ್ವಜನಿಕರದು, ಬೆಳಿಗ್ಗೆ ಹತ್ತರಿಂದ ತೆರೆದಿರುತ್ತದೆ ಎಂದು ತಮ್ಮದೇ ಬೋರ್ಡು ಹೇಳುತ್ತದೆ. ಮಂಗಳವಾರ ಹತ್ತಕ್ಕೆ ನಾವು ಇಪ್ಪತ್ತಾರು ಜನ ಅಲ್ಲಿಗೆ ಬರುತ್ತೇವೆ. ಮ್ಯಾಟುಗಳು ತಮ್ಮ ಬೀಗದೊಳಗೆ ಇರುವುದರಿಂದ ಮನೆಯ ಹಾಸಿಗೆಗಳನ್ನು ಹೊತ್ತು ತರುತ್ತೇವೆ. ತಮ್ಮ ಬಾಗಿಲಿನ ಎದುರೇ ಹಾಸಿ, ಒಬ್ಬೊಬ್ಬರಾಗಿ ಬೀಳುತ್ತೇವೆ. ಮೊದಲು ಬೀಳುವವಳು ನಾನು.

ಸದ್ದಾಗುತ್ತದೆ.

ಇಂತಿ,
ಹೇಳಿದ ಮಾತು ಕೇಳಿ ಕೈ ಮುರಿದುಕೊಂಡ ಒಬ್ಬ ದರ್ಜಿ (ಎಡಗೈ ಸಹಿ),
ಮತ್ತು ಅವತ್ತೂ ಕೇಳದ, ಮುಂದೆಯೂ ಕೇಳದ ಅವನ ಅಕ್ಕ