ಫೆನ್ನಾಳ ಹೆಸರನ್ನು ನಿಮ್ಮ ರ‍್ಯಾಂಕಿಂಗಿನಿಂದ ಕಿತ್ತುಹಾಕಿ

ಮಾನ್ಯ ಕುಲಪತಿಗಳೇ,

ಕೆಲಸದಿಂದ ಹೊರಗೆ ಕಳಿಸಿದವಳ ಭಾವಚಿತ್ರವನ್ನು ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಹಾಕಿಕೊಂಡು, ಅದರ ಕೆಳಗೆ ‘ಸಮಾಜಕ್ಕೆ ನಮ್ಮ ಕೊಡುಗೆ’ ಎಂದು ಬರೆಸಲು ಎಂಥ ಗುಂಡಿಗೆ ಬೇಕು? ನಿಮಗೆ ಅದು ಇದೆಯೆಂದು ಕಳೆದ ಸೋಮವಾರ ತಿಳಿಯಿತು. ಅಭಿನಂದನೆಗಳು.

ಫೆನ್ನಾ ಹೈಸಿಂಗ್ ನಮ್ಮ ಸಮಾಜಶಾಸ್ತ್ರ ವಿಭಾಗದಲ್ಲಿದ್ದವಳು. ನಾನು ಪಕ್ಕದ ಕೊಠಡಿಯಲ್ಲಿ ಇತಿಹಾಸ ಕಲಿಸುವವಳು. ನೆಲದಡಿಯ ಅನಿಲ ತೆಗೆದು ತೆಗೆದು ನಮ್ಮ ನೆದರ್ಲೆಂಡ್ಸಿನ ಉತ್ತರದ ಹಳ್ಳಿಗಳು ನಡುಗತೊಡಗಿದಾಗ ಮನೆಗೋಡೆಗಳ ಬಿರುಕುಗಳನ್ನು ಅಳೆಯಲು ಇಂಜಿನಿಯರುಗಳು ಬಂದರು. ಆ ಗೋಡೆಗಳೊಳಗೆ ಬದುಕುವವರನ್ನು ಮಾತನಾಡಿಸಲು ನಮ್ಮಲ್ಲಿಂದ ಹೋದವಳು ಫೆನ್ನಾ ಒಬ್ಬಳೇ. ಎದುರುಗಾಳಿಯಲ್ಲಿ, ಸೈಕಲ್ ತುಳಿದುಕೊಂಡು. ಹಸು ಸಾಕಿದ ಮುದುಕ ಬೆರೆಂಡ್ ಮೊದಲ ದಿನ ಬಾಗಿಲಲ್ಲೇ ತಡೆದನಂತೆ.

“ಇನ್ನೊಬ್ಳು ಬಂದ್ಳಪ್ಪ ಫೋಟೋ ತೆಗೆಯೋಕೆ! ಬಿರುಕು ಹಿತ್ತಲ ಕಡೆ ಇದೆ, ಹೋಗಿ ನೋಡ್ಕೊಳಮ್ಮ.”

“ಬಿರುಕು ನೋಡೋಕೆ ಬಂದಿಲ್ಲ. ನಿಮಗೆ ನಿದ್ದೆ ಬರುತ್ತಾ ಅಂತ ಕೇಳೋಕೆ ಬಂದೆ.”

ಮುದುಕ ಒಳಗೆ ಹೋಗಿ ಕಾಫಿಗಿಟ್ಟ.

ಹಾಗೆ ವರ್ಷಗಟ್ಟಲೆ ಕೇಳಿಸಿಕೊಂಡು ಅವಳು ಪುಸ್ತಕ ಬರೆದಳು, ಹೇಳಿದವರೇ ಓದಲಿ ಎಂದು ಡಚ್ ಭಾಷೆಯಲ್ಲಿ. ಹಳ್ಳಿಯ ಸಭಾಂಗಣಗಳಲ್ಲಿ ಅದನ್ನು ಗಟ್ಟಿಯಾಗಿ ಓದಿದರು. ನಮ್ಮಲ್ಲಿ ಮಾತ್ರ ನಿಕಾಯದ ಡೀನ್ ಅವಳನ್ನು ಕರೆಸಿದರು.

“ಪುಸ್ತಕ ಚೆನ್ನಾಗಿದೆ ಫೆನ್ನಾ. ಆದ್ರೆ ಇಂಗ್ಲಿಷ್ ನಿಯತಕಾಲಿಕದಲ್ಲಿ ಬರದೇ ಇದ್ರೆ ಲೆಕ್ಕಕ್ಕೇ ಬರಲ್ವಲ್ಲ!”

“ಲೆಕ್ಕಕ್ಕೆ ಬರದೇ ಇರೋದು ಪುಸ್ತಕನಾ ಸಾರ್, ಅದರಲ್ಲಿರೋ ಜನಾನಾ?”

ಆದರೂ ಇಂಗ್ಲಿಷಿನಲ್ಲಿ ಬರೆದು ಕಳಿಸಿದಳು. ‘ವಿಷಯ ತೀರಾ ಸ್ಥಳೀಯ’ ಎಂದು ವಾಪಸು ಬಂತು. ಹಳ್ಳಿಯ ನೆಲ ಹಳ್ಳಿಯಲ್ಲಿ ನಡುಗದೆ ಇನ್ನೆಲ್ಲಿ ನಡುಗಬೇಕಿತ್ತು, ನಿಮ್ಮ ಕಚೇರಿಯಲ್ಲೇ? ಲೇಖನಗಳನ್ನು ಎಣಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಆದರೆ ಅಕ್ಕಸಾಲಿಗನ ತಕ್ಕಡಿಯಲ್ಲಿ ಹುಲ್ಲಿನ ಹೊರೆ ತೂಗಿ, ತಕ್ಕಡಿಯಲ್ಲಿ ಹಿಡಿಸಲಿಲ್ಲವೆಂದು ಹುಲ್ಲಿಗೇ ಬೆಂಕಿ ಇಡುತ್ತಾರೆಯೇ? ಪ್ರಯೋಗಾಲಯದ ಲೇಖನವೊಂದನ್ನು ಲೋಕದ ಹತ್ತು ಮೂಲೆಗಳಿಂದ ಉಲ್ಲೇಖಿಸುತ್ತಾರೆ, ಸಂತೋಷ. ಒಂದು ಊರು ತನ್ನ ಭಯಕ್ಕೆ ಮಾತು ಕಂಡುಕೊಂಡರೆ ಅದನ್ನು ಯಾವ ಅಡಿಟಿಪ್ಪಣಿಯಲ್ಲಿ ಹುಡುಕುತ್ತೀರಿ?

ಅವಳ ಗುತ್ತಿಗೆ ಮುಂದುವರಿಯಲಿಲ್ಲ. ವಿಶ್ವವಿದ್ಯಾಲಯ ಜಾಗತಿಕ ರ‍್ಯಾಂಕಿಂಗ್ ಪಟ್ಟಿಯಲ್ಲಿ ಮೇಲೇರಿತೆಂದು ನೀವು ಕೇಕು ಕತ್ತರಿಸಿದ ವಾರವೇ ಫೆನ್ನಾ ತನ್ನ ಪುಸ್ತಕಗಳನ್ನು ಬಾಳೆಹಣ್ಣಿನ ಪೆಟ್ಟಿಗೆಗಳಿಗೆ ತುಂಬಿ ಒಯ್ದಳು. ಈಗ ಪ್ರೌಢಶಾಲೆಯೊಂದರಲ್ಲಿ ಕಲಿಸುತ್ತಾಳೆ.

ಕಳೆದ ಚಳಿಗಾಲದಲ್ಲಿ, ಅನಿಲ ತೆಗೆದದ್ದರಿಂದಾದ ಹಾನಿಯ ತನಿಖೆಗೆ ನೇಮಿಸಿದ ವಿಚಾರಣಾ ಸಮಿತಿ ಬೆರೆಂಡ್ ದಂಪತಿಗಳನ್ನು ಕರೆಯಿತು. “ನೀನು ಪಕ್ಕದಲ್ಲಿ ಕೂರದಿದ್ರೆ ನಾನು ಬಾಯಿ ಬಿಡಲ್ಲ” ಎಂದು ಮುದುಕ ಫೆನ್ನಾಳಿಗೆ ಫೋನ್ ಮಾಡಿದ. ಅವಳು ಶಾಲೆಗೆ ರಜೆ ಹಾಕಿ ಹೋದಳು. ಅಲ್ಲಿ ಬಾಯಿ ಬಿಟ್ಟವಳು ಅವನ ಹೆಂಡತಿ ಆನ್ಯೆ.

“ನಾನು ಬೂಟು ಹಾಕ್ಕೊಂಡೇ ಮಲಗ್ತೀನಿ ಸ್ವಾಮಿ. ಓಡಬೇಕಾದ್ರೆ ಹುಡುಕ್ತಾ ಕೂರಬಾರದು ಅಂತ. ಡಾಕ್ಟ್ರಿಗೂ ಹೇಳಿರ್ಲಿಲ್ಲ. ಇವಳು ಕೇಳಿದ್ಳು, ಹೇಳ್ದೆ.”

ಪ್ರಶ್ನೆ ಕೇಳುತ್ತಿದ್ದವರು ಲೇಖನಿ ಕೆಳಗಿಟ್ಟರು. ಆ ಹಳ್ಳಿಯ ಮನೆಗಳನ್ನು ಮೊದಲು ಕಟ್ಟಿಸಿಕೊಡಬೇಕೆಂದು ಸಮಿತಿ ಶಿಫಾರಸು ಮಾಡಿತು.

ಅಷ್ಟರಲ್ಲಿ ರ‍್ಯಾಂಕಿಂಗಿನವರು ‘ಸಾಮಾಜಿಕ ಪರಿಣಾಮ’ಕ್ಕೂ ಅಂಕ ಇಟ್ಟರು. ತಕ್ಷಣ ನಿಮಗೆ ಫೆನ್ನಾ ನೆನಪಾದಳು! ಚಿತ್ರ ತೆಗೆಯಿರಿ ಎಂದು ಅವಳು ಫೋನ್ ಮಾಡಿದಾಗ ನಿಮ್ಮ ಪ್ರಚಾರ ವಿಭಾಗದವರು ಅಂದದ್ದು ಇಷ್ಟು: “ಪುಸ್ತಕ ಬರೆದಾಗ ನೀವು ನಮ್ಮಲ್ಲೇ ಇದ್ರಲ್ವಾ ಮೇಡಂ? ಪರಿಣಾಮ ನಮ್ದೇ ಆಗುತ್ತೆ.” ಅವಳು ನಗುತ್ತಲೇ ನನಗಿದನ್ನು ಹೇಳಿದಳು. ಆಮೇಲೆ ನಗು ನಿಂತಿತು.

ಈ ವಸಂತದಲ್ಲಿ ಇನ್ನೊಂದು ಹಳ್ಳಿಯ ನೆಲ ನಡುಗಿದೆ. ಕೇಳಿಸಿಕೊಳ್ಳಲು ನಮ್ಮಿಂದ ಯಾರೂ ಹೋಗಿಲ್ಲ. ಫೆನ್ನಾಳ ಕೊಠಡಿಯಲ್ಲಿ ಈಗ ನಿಮ್ಮ ರ‍್ಯಾಂಕಿಂಗ್ ಘಟಕ ಕುಳಿತಿದೆ.

ಆದ್ದರಿಂದ, ಮಾನ್ಯರೇ, ಎರಡರಲ್ಲಿ ಒಂದು ಮಾಡಿ. ಅವಳಿಗೆ ಆ ಕೊಠಡಿಯನ್ನೂ ಕೆಲಸವನ್ನೂ ಮರಳಿ ಕೊಡಿ, ಇಲ್ಲವೇ ಅವಳ ಮುಖವನ್ನು ಅವಳಿಗೆ ಬಿಟ್ಟುಕೊಡಿ. ಕೆಲಸ ಕಿತ್ತುಕೊಂಡ ಮೇಲೂ ಅವಳಿಂದ ದುಡಿಸಿಕೊಳ್ಳಬೇಡಿ.

ಇಂತಿ,
ಇನ್ನೂ ಡಚ್ ಭಾಷೆಯಲ್ಲೇ ಬರೆಯುತ್ತಿರುವ, ಆದ್ದರಿಂದ ನಿಮ್ಮ ಲೆಕ್ಕದಲ್ಲಿ ಈವರೆಗೆ ಏನನ್ನೂ ಬರೆಯದ,
ಹಿಂಕೆ ಡೈಕೆಮಾ
ಇತಿಹಾಸ ವಿಭಾಗ, ಸದ್ಯಕ್ಕೆ