ಪಟ್ಟಿಯಲ್ಲಿಲ್ಲದ ಅರವತ್ತೊಂದು ನಿಲುಗಡೆ

ಮೀಸೆಯಣ್ಣಾ,

ನಿನ್ನ ಜೊತೆ ಹನ್ನೊಂದು ವರ್ಷ ಒಂದೇ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು ಬರೆಯುತ್ತಿದ್ದೇನೆ. ಅಕ್ಷರ ನೋಡಿಯೇ ಗುರುತು ಹಿಡಿದಿರುತ್ತೀಯ. ನನ್ನ ಟ್ರಿಪ್ ಶೀಟು ನೋಡಿ "ಕೋಳಿ ಕೆದರಿದ ಹಾಗಿದೆ" ಎನ್ನುತ್ತಿದ್ದವನು ನೀನೇ. ಎಂಟು ತಿಂಗಳಿಂದ ನಾವಿಬ್ಬರೂ ಮಾತಾಡಿಲ್ಲ. ಮಾತು ಬಿಟ್ಟವನು ನಾನು ಎಂಬುದನ್ನು ಮೊದಲೇ ಬರೆದುಬಿಡುತ್ತೇನೆ, ಆಮೇಲೆ ಧೈರ್ಯ ಸಾಲದೆ ಹೋದೀತು.

ನನಗೆ ಆಪರೇಷನ್ ಆಗಿ ಇವತ್ತಿಗೆ ಇಪ್ಪತ್ತಮೂರು ದಿನ. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರದ ದಾರಿಯನ್ನು ಒತ್ತಿ ಹಿಡಿದಿತ್ತಂತೆ. ಒಳಗಿನಿಂದಲೇ ಕೆರೆದು ತೆಗೆದರು. ಹೊಟ್ಟೆ ಕೊಯ್ದಿಲ್ಲ, ಹೊಲಿಗೆ ಹಾಕಿಲ್ಲ, ತೋರಿಸೋಣವೆಂದರೆ ಒಂದು ಗಾಯವೂ ಇಲ್ಲ. ನೋಡಲು ಬಂದವರು "ಎಲ್ಲಿ ಆಪರೇಷನ್?" ಎಂದು ಶುರುಮಾಡಿ, ಅರ್ಧಕ್ಕೇ ನೆನಪಾಗಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಆಮೇಲೆ ಬಿಸಿಲಿನ ವಿಷಯ ಮಾತಾಡುತ್ತಾರೆ.

ಬೆನ್ನಿಗೆ ಸೂಜಿ ಚುಚ್ಚಿದ ಮೇಲೆ ಸೊಂಟದಿಂದ ಕೆಳಗಿನದು ನನ್ನದಾಗಿ ಉಳಿಯಲಿಲ್ಲ. ನರ್ಸಮ್ಮ ಒಂದು ಕಾಲನ್ನು ಎತ್ತಿ ಸ್ಟ್ಯಾಂಡಿನ ಮೇಲಿಟ್ಟರು. ಯಾರ ಕಾಲಪ್ಪಾ ಇದು, ಉಗುರಾದರೂ ಕತ್ತರಿಸಿಕೊಂಡು ಬರಬಾರದಿತ್ತೇ ಎಂದುಕೊಂಡೆ. ನೋಡಿದರೆ ನನ್ನದೇ. ಡಾಕ್ಟರು ಮಗಳ ಪರೀಕ್ಷೆಯ ವಿಷಯ ಮಾತಾಡುತ್ತಾ ಕೆಲಸ ಮುಗಿಸಿದರು. ಆಮೇಲೆ ಮೂರು ದಿನ ಒಂದು ಕೊಳವೆ, ಅದರ ತುದಿಗೊಂದು ಚೀಲ. ಚೀಲದ ನೀರು ಮೊದಲ ದಿನ ಕೆಂಪು, ಮರುದಿನ ತಿಳಿಗೆಂಪು, ಮೂರನೇ ದಿನ ಹಾಲು ಹಾಕದ ಚಹಾದ ಬಣ್ಣ. ನನ್ನ ಹೆಂಡತಿ ಗಂಟೆಗೊಮ್ಮೆ ಬಗ್ಗಿ ಚೀಲ ನೋಡುತ್ತಿದ್ದಳೇ ಹೊರತು ನನ್ನ ಮುಖ ನೋಡುತ್ತಿರಲಿಲ್ಲ. ಕಾಲಿಗೆ ಅವತ್ತು ಸಂಜೆಗೇ ಜೀವ ಬಂತು. ಉಳಿದದ್ದಕ್ಕೆ ಇನ್ನೂ ಬಂದಿಲ್ಲ.

ಮನೆಯಲ್ಲಿ ಈಗ ನನಗೊಂದು ಅಳತೆಯ ಮಗ್ಗು, ಒಂದು ನೋಟುಬುಕ್ಕು. ಎಷ್ಟು ಗಂಟೆಗೆ, ಎಷ್ಟಾಯಿತು, ಉರಿ ಇತ್ತೇ, ರಕ್ತ ಕಂಡಿತೇ ಎಲ್ಲವನ್ನೂ ನಾನು ಬಚ್ಚಲಿನಿಂದ ಕೂಗಿ ಹೇಳಬೇಕು, ಅವಳು ಹೊರಗೆ ಬರೆದುಕೊಳ್ಳಬೇಕು. ಜೀವಮಾನವೆಲ್ಲ ಊರವರಿಗೆ ಟಿಕೆಟ್ ಕೇಳಿದವನಿಗೆ ಹೆಂಡತಿಯೇ ಚೆಕಿಂಗ್ ಇನ್‌ಸ್ಪೆಕ್ಟರ್. ಭಾರ ಎತ್ತಬಾರದು, ತಿಣುಕಬಾರದು, ಕೆಮ್ಮು ಬಂದರೂ ಅದಕ್ಕೆ ಸಮಾಧಾನ ಹೇಳಿ ಮೆಲ್ಲಗೆ ಕೆಮ್ಮಬೇಕು. ನಕ್ಕರೆ ಎರಡು ಹನಿ ಸೋರುತ್ತದೆ. ನಗುವ ಸಂದರ್ಭವೇ ಬಾರದಿರುವುದರಿಂದ ಅದೇನೂ ತೊಂದರೆಯಾಗಿಲ್ಲ. ಧಾರೆ ಚೆನ್ನಾಗಿದೆ ಎಂದು ಡಾಕ್ಟರಿಗೆ ಖುಷಿ, ಮಗನಿಗೆ ಖುಷಿ. ನನಗೆ ಖುಷಿಯೂ ಇಲ್ಲ, ದುಃಖವೂ ಇಲ್ಲ. ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು, ಎದುರುಮನೆಯವರು ಒಗೆದು ಹಾಕಿದ ಬಟ್ಟೆ ಒಣಗುವುದನ್ನು ನೋಡುತ್ತೇನೆ.

ಕೊಳವೆ ತೆಗೆಯುವಾಗ ಆ ನರ್ಸಮ್ಮ ಕೇಳಿದರು, "ಎಷ್ಟು ವರ್ಷದಿಂದ ಹೀಗೆ ತಡ್ಕೊಂಡಿದ್ರಿ?" ನಾಲ್ಕು ಎಂದೆ. "ಯಾರ್ಗೂ ಗೊತ್ತಿರ್ಲಿಲ್ವಾ?" ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ಗೊತ್ತಿರಲಿಲ್ಲ ಎಂದೆ. ಅದು ಸುಳ್ಳು. ನಿನಗೆ ಗೊತ್ತಿತ್ತು.

ನಾನು ಹೇಳಿರಲಿಲ್ಲ, ನೀನೂ ಕೇಳಿರಲಿಲ್ಲ. ನಮ್ಮದು ಮೂರು ಗಂಟೆಯ ದಾರಿ, ನಡುವೆ ನಿಲುಗಡೆ ಇಲ್ಲ. ಎರಡನೇ ಗಂಟೆಯ ಹೊತ್ತಿಗೆ ನಾನು ಬಾಗಿಲ ಕಂಬಿ ಹಿಡಿದು ಈ ಕಾಲಿಂದ ಆ ಕಾಲಿಗೆ ಭಾರ ಬದಲಿಸುವುದನ್ನು ನೀನು ಕನ್ನಡಿಯಲ್ಲಿ ನೋಡುತ್ತಿದ್ದೆ. ಹಳೆಯ ಇಟ್ಟಿಗೆ ಗೂಡಿನ ಹತ್ತಿರ ಬಸ್ಸು ನಿಲ್ಲುತ್ತಿತ್ತು. "ಟೈರ್ ಕಾದಿದೆ, ಐದು ನಿಮಿಷ!" ಎಂದು ಕಬ್ಬಿಣದ ರಾಡು ಹಿಡಿದು ನೀನು ಇಳಿಯುತ್ತಿದ್ದೆ. ನಾನು ಗೂಡಿನ ಗೋಡೆಯ ಹಿಂದೆ ಹೋಗಿ ನಿಲ್ಲುತ್ತಿದ್ದೆ. ನಿಂತ ಮಾತ್ರಕ್ಕೆ ಬರಬೇಕಲ್ಲ! ಆಚೆ ನೀನು ಆರು ಟೈರಿಗೂ ಒಂದೊಂದು ಏಟು ಹಾಕುವುದು ಕೇಳಿಸುತ್ತಿತ್ತು. ಅಷ್ಟರಲ್ಲಿ ನಾನು ಬರದಿದ್ದರೆ ಮತ್ತೆ ಮೊದಲನೇ ಟೈರಿನಿಂದ ಶುರು. "ಈ ಮೀಸೆಗೆ ಹೆಂಡ್ತಿಗಿಂತ ಟೈರ್ ಮೇಲೇ ಪ್ರೀತಿ" ಎಂದು ಪ್ಯಾಸೆಂಜರುಗಳು ಗೊಣಗಿದರೆ, "ಹೆಂಡ್ತಿ ಪಂಕ್ಚರ್ ಆಗಲ್ಲ ಸ್ವಾಮಿ" ಎನ್ನುತ್ತಿದ್ದೆ ನೀನು. ಬಯ್ಗುಳವೆಲ್ಲ ನಿನ್ನ ಪಾಲಿಗೆ. ನಾನು ಬಂದು ಸೀಟಿ ಊದುತ್ತಿದ್ದೆ, ಅಷ್ಟೇ.

ಒಂದು ದಿನ ಯಾರದೋ ರೈಲು ತಪ್ಪಿತು, ದೂರು ಹೋಯಿತು. ಡಿಪೊ ಮ್ಯಾನೇಜರು ನಮ್ಮಿಬ್ಬರನ್ನೂ ವಿಚಾರಣೆಗೆ ಕರೆದರು. ನಾಲ್ಕು ತಿಂಗಳಲ್ಲಿ ಪಟ್ಟಿಯಲ್ಲಿಲ್ಲದ ಜಾಗದಲ್ಲಿ ಅರವತ್ತೊಂದು ನಿಲುಗಡೆ. ನೀನು ಟೈರ್ ಎಂದೆ. ಟೈರುಗಳು ಸರಿಯಾಗಿವೆ ಎಂದು ವರ್ಕ್‌ಶಾಪಿನವರು ಆಗಲೇ ಬರೆದುಕೊಟ್ಟಿದ್ದರು. ಮ್ಯಾನೇಜರು ನನ್ನ ಕಡೆ ತಿರುಗಿದರು. "ಕಂಡಕ್ಟರ್, ನೀವ್ ಹೇಳ್ರಿ. ಯಾಕ್ ನಿಲ್ಲಿಸ್ತಾ ಇದ್ರು?" ಮೂಲೆಯಲ್ಲಿ ಟೈಪಿಸ್ಟ್ ಮೇಡಂ ಬೆರಳು ಎತ್ತಿಕೊಂಡು ಕಾಯುತ್ತಿದ್ದರು. ಒಬ್ಬ ಹೆಂಗಸಿನ ಎದುರು ಅದನ್ನು ಬಾಯಿಬಿಟ್ಟು ಹೇಳಲು ನನಗೆ ನಾಚಿಕೆಯಾಯಿತು. "ನಂಗೆ ಗೊತ್ತಿಲ್ಲ ಸರ್, ಡ್ರೈವರ್ ನಿಲ್ಲಿಸ್ತಿದ್ರು" ಎಂದೆ. ನೀನು ನನ್ನ ಕಡೆ ನೋಡಲೂ ಇಲ್ಲ. ನಾಳಿದ್ದು ಮತ್ತೆ ಕರೆಯುತ್ತೇನೆ ಎಂದರು ಮ್ಯಾನೇಜರು. ಆದರೆ ನನ್ನನ್ನು ಕರೆಯಲೇ ಇಲ್ಲ.

ವಾರದೊಳಗೆ ನಿನ್ನನ್ನು ರೂಟಿನಿಂದ ತೆಗೆದು ಯಾರ್ಡಿಗೆ ಹಾಕಿದರು. ಇಪ್ಪತ್ತೆಂಟು ವರ್ಷ ಹೆದ್ದಾರಿಯಲ್ಲಿ ಓಡಿಸಿದವನಿಗೆ ತೊಳೆಯುವ ಜಾಗದಿಂದ ಶೆಡ್ಡಿಗೆ, ಶೆಡ್ಡಿನಿಂದ ತೊಳೆಯುವ ಜಾಗಕ್ಕೆ ಬಸ್ಸು ಸರಿಸುವ ಕೆಲಸ. ಟೈರಿನ ಸುಳ್ಳಿಗೆ ಸಿಕ್ಕ ಶಿಕ್ಷೆ ಅದು ಎಂದುಕೊಂಡೆ. ನಿನ್ನನ್ನು ಕಂಡರೆ ದಾರಿ ಬದಲಿಸತೊಡಗಿದೆ. ನನಗೆ ಬಂದ ಹೊಸ ಡ್ರೈವರ್ ಒಳ್ಳೆಯವನೇ. ಗಡಿಯಾರ ನೋಡಿಕೊಂಡು ಓಡಿಸುತ್ತಾನೆ, ಎಲ್ಲೂ ನಿಲ್ಲಿಸುವುದಿಲ್ಲ. ನಿಲ್ಲಿಸಪ್ಪಾ ಎನ್ನಲು ನನಗೆ ಬಾಯಿ ಬರಲಿಲ್ಲ. ಹೋದ ತಿಂಗಳು ಒಂದು ಮಧ್ಯಾಹ್ನ ಮೂತ್ರ ಪೂರ್ತಿ ಕಟ್ಟಿಕೊಂಡು, ಟಿಕೆಟ್ ಕೊಡುತ್ತಾ ಕೊಡುತ್ತಾ ಸೀಟುಗಳ ನಡುವೆ ಕುಸಿದೆ. ಬಸ್ಸನ್ನು ನೇರ ಆಸ್ಪತ್ರೆಗೆ ತಿರುಗಿಸಿದರು. ಮಾಡಿದ್ದುಣ್ಣೋ ಮಾರಾಯ ಎಂದು ಸುಮ್ಮನೆ ಹೇಳಿಲ್ಲ.

ನಿನ್ನೆ ಬೆಳಿಗ್ಗೆ, ರಜೆ ಮುಂದುವರಿಸಲು ಡಾಕ್ಟರ ಚೀಟಿ ಕೊಡೋಣವೆಂದು ಡಿಪೊಗೆ ನಿಧಾನವಾಗಿ ನಡೆದುಕೊಂಡು ಹೋಗಿದ್ದೆ. ಟೈಪಿಸ್ಟ್ ಮೇಡಂ ಚೀಟಿ ಓದಿ, ಕನ್ನಡಕ ಹಣೆಗೇರಿಸಿ, "ನಿಮ್ಗೂ ಇದೇನಾ? ಮೀಸೆ ಡ್ರೈವರ್‌ಗೂ ಇದೇ ಅಲ್ವಾ?" ಎಂದರು. ಅರ್ಥವಾಗದೆ ನಿಂತೆ. "ಪಾಪ, ಅವ್ರು ಡಾಕ್ಟ್ರ ಹತ್ರಾನೂ ಹೋಗ್ಲಿಲ್ಲ" ಎನ್ನುತ್ತಾ ಫೈಲು ತೆಗೆದು ನನ್ನ ಮುಂದಿಟ್ಟರು. ವಿಚಾರಣೆಯ ಮಾರನೇ ದಿನ ನೀನು ಕೊಟ್ಟ ಕಾಗದ. ನಿನ್ನ ದುಂಡನೆಯ ಅಕ್ಷರ. "ಟೈರ್ ಎಂದದ್ದು ಸುಳ್ಳು. ನನಗೆ ಮೂತ್ರದ ತೊಂದರೆ ಇದೆ, ಅದಕ್ಕಾಗಿ ನಿಲ್ಲಿಸುತ್ತಿದ್ದೆ. ಕಂಡಕ್ಟರಿಗೆ ಇದು ತಿಳಿಯದು, ಅವರದೇನೂ ತಪ್ಪಿಲ್ಲ." ಕೆಳಗೆ ಮ್ಯಾನೇಜರ ಷರಾ: ದೂರದ ರೂಟಿಗೆ ಅನರ್ಹ, ವೈದ್ಯರ ಪ್ರಮಾಣಪತ್ರ ತರುವವರೆಗೆ ಯಾರ್ಡ್ ಕೆಲಸ.

ನೀನು ಪ್ರಮಾಣಪತ್ರ ತರಲಿಲ್ಲ. ಪರೀಕ್ಷೆಗೆ ಹೋಗಿದ್ದರೆ ನಿನಗೆ ಯಾವ ಕಾಯಿಲೆಯೂ ಇಲ್ಲವೆಂದು ಗೊತ್ತಾಗಿ, ಪ್ರಶ್ನೆ ಮತ್ತೆ ನನ್ನ ಹತ್ತಿರ ಬರುತ್ತಿತ್ತು. ಯಾರ್ಡಿನವರು ನಿನ್ನನ್ನು "ನಲ್ಲಿ" ಎಂದು ಕರೆಯುವುದನ್ನು ಕೇಳಿದ್ದೆ. ಯಾಕೆಂದು ತಿಳಿದಿರಲಿಲ್ಲ. ಅವರ ಜೊತೆ ನಾನೂ ಒಮ್ಮೆ ನಕ್ಕಿದ್ದೆ, ಅಣ್ಣಾ.

ಅದನ್ನು ಓದಿದಾಗ ಎದೆ ಒಡೆಯಬೇಕಿತ್ತು. ಒಡೆಯಲಿಲ್ಲ. ಸ್ಟೂಲಿನ ಮೇಲೆ ಕೂತು, "ಟೈಪ್ ಮಾಡಿ ಮೇಡಂ" ಎಂದೆ. ತೊಂದರೆ ನನ್ನದು, ಅರವತ್ತೊಂದು ಸಲವೂ ಗೋಡೆಯ ಹಿಂದೆ ಹೋದವನು ನಾನು, ಗೊತ್ತಿಲ್ಲ ಎಂದದ್ದು ಸುಳ್ಳು. ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದೆ. ಅವರು ತಲೆ ಎತ್ತದೆ ಟೈಪ್ ಮಾಡಿದರು. ಆಕಾಶವೇನೂ ಬೀಳಲಿಲ್ಲ. "ನಮ್ಮ ಯಜಮಾನ್ರಿಗೂ ಇತ್ತು" ಎಂದು ಕಾಗದ ಎಳೆದುಕೊಟ್ಟರು. ಮನೆಗೆ ಬಂದು ಹೆಂಡತಿಗೂ ಹೇಳಿದೆ. "ನಾಲ್ಕು ವರ್ಷ ಪಕ್ಕದಲ್ಲೇ ಇದ್ದೆ, ನಂಗೊಂದು ಮಾತು ಹೇಳೋಕಾಗ್ಲಿಲ್ವಾ?" ಎಂದಳು.

ಇನ್ನೆರಡು ತಿಂಗಳಿಗೆ ನಿನ್ನ ನಿವೃತ್ತಿ. ಕೊನೆಯ ದಿನ ಡ್ರೈವರ್ ತನ್ನ ರೂಟಿನಲ್ಲೇ ಓಡಿಸಿ, ಬಸ್ಸು ತಂದು ನಿಲ್ಲಿಸಿ, ಕೀಲಿಯನ್ನು ಮ್ಯಾನೇಜರ ಕೈಗೆ ಕೊಟ್ಟು ಇಳಿಯುವುದು ನಮ್ಮ ಡಿಪೊದ ಪದ್ಧತಿ. ಯಾರ್ಡಿನಲ್ಲಿ ನಿವೃತ್ತನಾದವನಿಗೆ ಅದಿಲ್ಲ. ನಿನ್ನನ್ನು ಮತ್ತೆ ರೂಟಿಗೆ ಹಾಕಲು ನನ್ನ ಹೇಳಿಕೆ ಒಂದೇ ಸಾಲದಂತೆ. ಮೊದಲು ಕೊಟ್ಟ ಕಾಗದ ಸುಳ್ಳೆಂದು ನೀನು ಸಹಿ ಹಾಕಬೇಕು, ಡಾಕ್ಟರ ಹತ್ತಿರ ಪರೀಕ್ಷೆ ಮಾಡಿಸಿಕೊಳ್ಳಬೇಕು, ಈ ತಿಂಗಳ ಕೊನೆಯೊಳಗೆ. ಸಹಿ ಹಾಕುವ ಕಾಗದ, ಡಾಕ್ಟರಿಗೆ ಕೊಡುವ ಕಾಗದ ಎರಡನ್ನೂ ಇದರ ಜೊತೆ ಇಟ್ಟಿದ್ದೇನೆ.

ಕ್ಷಮಿಸು ಎಂದು ಕೇಳುತ್ತಿಲ್ಲ. ಕೇಳಬೇಕೆಂದು ತಲೆಗೆ ಗೊತ್ತು, ಒಳಗಿಂದ ಇನ್ನೂ ಬರುತ್ತಿಲ್ಲ. ಬಂದ ದಿನ ನಾನೇ ನಿನ್ನ ಮನೆ ಬಾಗಿಲಿಗೆ ಬರುತ್ತೇನೆ. ಈಗ ಕೇಳುವುದು ಒಂದೇ. ಆ ಕಾಯಿಲೆ ನನ್ನದು, ಅಣ್ಣಾ. ನನಗೆ ವಾಪಸ್ ಕೊಡು.

ಉದ್ದನೆಯ ದಾರಿ ಮತ್ತೆ ನಿನ್ನ ಕೈಗೆ ಸಿಗಲಿ.

ನಿನ್ನ ಕಂಡಕ್ಟರ್